ಖಲಫನ ಕೆಂಪು ಕುರ್ಚಿಗಳ ಬಗ್ಗೆ ಆರೋಗ್ಯ ಇಲಾಖೆಯ ದೊಡ್ಡವರಿಗೆ

ಮೇಜಿನ ಮೇಲಿಟ್ಟ ಕಾಲನ್ನು ಮೊದಲು ಕೆಳಗಿಳಿಸಿ. ಈ ಪತ್ರವನ್ನು ಈಗ ಓದುತ್ತಿರುವವರಿಗೇ ಹೇಳುತ್ತಿರುವುದು, ನೀವು ಯಾರೇ ಆಗಿರಿ. ದೊಡ್ಡವರ ಕೋಣೆಯ ಹೊರಗೆ ಕೂತು, ಬಂದ ಕಾಗದದಲ್ಲಿ ಯಾವುದು ಒಳಗೆ ಹೋಗಬೇಕು, ಯಾವುದು ಚಹಾ ಲೋಟದ ಅಡಿಗೆ ಹೋಗಬೇಕು ಎಂದು ತೀರ್ಮಾನಿಸುವವರಾದರೆ ನಿಮಗಂತೂ ಖಂಡಿತ. ನನ್ನ ಹಿಂದಿನ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದೀರಿ ಎಂದು ನನಗೆ ಬಲವಾದ ಅನುಮಾನ. ಅದಕ್ಕೇ ಈ ಸಲ ಲಕೋಟೆಗೆ ಹಾಕಲಿಲ್ಲ. ಪತ್ರಿಕೆಯವರಿಗೆ ಕೊಟ್ಟಿದ್ದೇನೆ, ನೈಲಿನ ದೋಣಿಕಟ್ಟೆಯ ಚಹಾದಂಗಡಿಯ ಗೋಡೆಗೂ ಅಂಟಿಸಿದ್ದೇನೆ. ಅಲ್ಲಿ ನಿಂತು ಓದುತ್ತಾ ಮೀಸೆಯಲ್ಲಿ ನಗುತ್ತಿರುವ ಗಂಡಸರೇ, ನೀವೂ ಸುಮ್ಮನಿರಿ. ಚೇಳು ಕಚ್ಚಿದಾಗ ಯಾರು ಯಾರು ಅಮ್ಮಾ ಎಂದು ಅತ್ತರು ಎಂಬುದು ಪಕ್ಕದ ಚಾಪೆಯಲ್ಲಿದ್ದ ನನಗೆ ಗೊತ್ತು.

ಮಾನ್ಯರೇ, ಇಡೀ ಪ್ರಾಂತ್ಯದ ಆರೋಗ್ಯವನ್ನು ಒಬ್ಬರೇ ಹೊತ್ತುಕೊಂಡು ಬಳಲಿರುವವರೇ,

ನನ್ನ ದೂರು ಒಂದೇ. ನಮ್ಮೂರ ಆಸ್ಪತ್ರೆಯ ಹಿರಿಯ ನರ್ಸು, ನಾವೆಲ್ಲ ಹಕೀಮಾ ಎಂದು ಕರೆಯುವ ಇನ್ಶಿರಾಹ್ ಅವರನ್ನು ನೀವು ವಾರ್ಡಿನಿಂದ ಕಿತ್ತು, ಮರಳುಗಾಡಿನ ಅಂಚಿನಲ್ಲಿರುವ ಲಸಿಕೆ ಗೋದಾಮಿಗೆ ಹಾಕಿದ್ದೀರಿ. ಅಲ್ಲಿ ಅವರು ಒಂದು ಫ್ರಿಡ್ಜನ್ನು ಕಾಯುತ್ತಾ ಕೂತಿದ್ದಾರೆ. ಅವರು ಮಾಡಿದ ಅಪರಾಧವೇನು? ನಿಂತೂ ನಿಂತೂ ಕಾಲು ಬಾತುಹೋದ ನರ್ಸು ಹುಡುಗಿಯರನ್ನು ಸ್ವಲ್ಪ ಹೊತ್ತು ಕೂರಿಸಿದ್ದು. ಅವರನ್ನು ವಾಪಸ್ಸು ಕಳಿಸಿ. ಇಲ್ಲದಿದ್ದರೆ ನನ್ನ ಮೊಮ್ಮಗಳು ರಾವಿಯಾ ನರ್ಸಿನ ಕೆಲಸವನ್ನೇ ಬಿಟ್ಟು ಹೋಗುತ್ತಾಳೆ. ಅವಳು ಹೋದರೆ ಉಳಿದವರೂ ಹೋಗುತ್ತಾರೆ. ಆಮೇಲೆ ಮುಂದಿನ ಮಳೆಗೆ ಚೇಳು ಬಂದಾಗ ನೀವೇ ಬಂದು ಸೂಜಿ ಚುಚ್ಚಬೇಕಾಗುತ್ತದೆ.

ನಾನು ಓದಿದ್ದು ಮಸೀದಿಯ ಹಿಂದಿನ ಶಾಲೆಯಲ್ಲಿ ಮೂರನೇ ತರಗತಿ. ಆಮೇಲೆ ನನ್ನ ತಂದೆಗೆ ಎಮ್ಮೆ ನೋಡಿಕೊಳ್ಳಲು ಜನ ಬೇಕಾಯಿತು. ಆದ್ದರಿಂದ ನಿಮ್ಮ ಆದೇಶದಲ್ಲಿ 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂದು ಬರೆದದ್ದನ್ನು ಬಿಡಿಸಿ ಓದಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಓದಿದ ಮೇಲೂ ಒಂದು ಸಂಗತಿ ತಿಳಿಯಲಿಲ್ಲ. ಆ ಸಾರ್ವಜನಿಕ ಯಾರು? ನಾನಂತೂ ಅಲ್ಲ. ನನ್ನ ಓಣಿಯವರೂ ಅಲ್ಲ, ಕೇಳಿ ನೋಡಿದೆ. ಬೆಟ್ಟದ ಬುಡದ ಕೇರಿಗಳಿಂದ ಟುಕ್‌ಟುಕ್ಕಿನಲ್ಲಿ ಮಕ್ಕಳನ್ನು ಹೊತ್ತು ತಂದವರೂ ಅಲ್ಲ. ಹಾಗಾದರೆ ಈ ಸಾರ್ವಜನಿಕ ಎಲ್ಲಿ ವಾಸ ಮಾಡುತ್ತಾನೆ? ಒಮ್ಮೆ ಅವನ ಮುಖ ನೋಡಬೇಕಿತ್ತು, ಅವನ ಹಿತಕ್ಕಾಗಿ ನಮ್ಮ ಹಕೀಮಾ ಫ್ರಿಡ್ಜು ಕಾಯುತ್ತಿದ್ದಾರಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಿಮ್ಮ ವಿಚಾರಣಾ ಸಮಿತಿ ನನ್ನನ್ನು ಕೇಳಲಿಲ್ಲ. ಸಮಿತಿಯವರು ಬಂದರು, ಆಸ್ಪತ್ರೆಯ ನಿರ್ದೇಶಕರ ಕೋಣೆಯಲ್ಲಿ ಕೂತು, ನಿರ್ದೇಶಕರ ಚಹಾ ಕುಡಿದು, ನಿರ್ದೇಶಕರ ಎದುರಿಗೇ ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು, "ನಿರ್ದೇಶಕರಿಂದ ನಿಮಗೇನಾದರೂ ತೊಂದರೆ ಇದೆಯೇ?" ಎಂದು ಕೇಳಿದರು. ಎಲ್ಲರೂ ಇಲ್ಲ ಎಂದರು. ಬೆಕ್ಕಿನ ಮುಂದೆ ಕೋಳಿಮರಿಯನ್ನು ನಿಲ್ಲಿಸಿ, ಬೆಕ್ಕು ಹೇಗಿದೆ ಎಂದು ಕೇಳುವ ವಿಚಾರಣೆ ಇದು. ಸಮಿತಿಯವರಿಗೆ ಇದು ಹೊಳೆಯಲಿಲ್ಲವೋ, ಹೊಳೆಯಬಾರದೆಂದೇ ಅವರನ್ನು ಆರಿಸಿದ್ದೋ? ನನಗೆ ಎರಡನೆಯದರ ಮೇಲೇ ಅನುಮಾನ.

ಮಳೆ ಬಂದ ದಿನ ನಮ್ಮ ಮನೆಯಲ್ಲಿ ರೊಟ್ಟಿಯ ಸರದಿ. ಓಣಿಯ ಹೆಂಗಸರೆಲ್ಲ ಸೇರಿದ್ದೆವು. ಹಿಟ್ಟಿನ ಬಿಲ್ಲೆಗಳನ್ನು ಮಣ್ಣಿನ ತಟ್ಟೆಗಳ ಮೇಲಿಟ್ಟು ಬಿಸಿಲಿಗೆ ಉಬ್ಬಲು ಬಿಟ್ಟಿದ್ದೆವು. ಆಗ ಬೆಟ್ಟದ ಕಡೆ ಕಪ್ಪಾಯಿತು. ನಮ್ಮಲ್ಲಿ ಮಳೆ ಎಂದರೆ ವರ್ಷಕ್ಕೊಮ್ಮೆ ಬರುವ ನೆಂಟ, ಅದೂ ಬಾಗಿಲು ತಟ್ಟದೆ ಒಳಗೆ ನುಗ್ಗುವವನು. ಆಲಿಕಲ್ಲು ಬಿತ್ತು, ಬೆಟ್ಟದಿಂದ ನೀರು ಇಳಿಯಿತು, ಬಿಲಗಳಿಗೆಲ್ಲ ನೀರು ಹೊಕ್ಕು ಚೇಳುಗಳು ಒಣ ಜಾಗ ಹುಡುಕುತ್ತಾ ಮನೆಗಳಿಗೆ ಬಂದವು. ನಾನು ಹಿಟ್ಟು ನೆನೆಯದಿರಲಿ ಎಂದು ತಟ್ಟೆ ಎತ್ತಿದೆ. ಅಡಿಯಲ್ಲಿ ಅದು ಕೂತಿತ್ತು. ಬೆರಳಿಗೆ ಕಚ್ಚಿತು. ತಟ್ಟೆ ಬಿಡಲಿಲ್ಲ ನಾನು, ಹಿಟ್ಟನ್ನು ಒಳಗಿಟ್ಟೇ ಕೂಗಿದ್ದು. ಹೀಗೆ ನಾನು ನಿಮ್ಮ ಆಸ್ಪತ್ರೆಯ ಅತಿಥಿಯಾದೆ. ಹಾಸಿಗೆ ಸಾಲದೆ ವರಾಂಡದ ನೆಲದ ಮೇಲೊಂದು ಚಾಪೆ ಕೊಟ್ಟರು. ಒಳ್ಳೆಯದೇ ಆಯಿತು. ನೆಲದಿಂದ ನೋಡಿದರೆ ಮನುಷ್ಯರ ಕಾಲು ಕಾಣಿಸುತ್ತದೆ. ನಿರ್ದೇಶಕರು ಹಾಕಿಸಿದ ಕ್ಯಾಮೆರಾಕ್ಕೆ ಕಾಣುವುದು ಬರೀ ತಲೆ.

ಆ ಕ್ಯಾಮೆರಾದ ವಿಷಯ ನಿಮಗೆ ಗೊತ್ತಿರಬೇಕು. ನಮ್ಮ ನಿರ್ದೇಶಕರು ಬಂದ ಹೊಸದರಲ್ಲೇ ವರಾಂಡಕ್ಕೆ ಕ್ಯಾಮೆರಾ ಹಾಕಿಸಿ, ಮನೆಯಲ್ಲಿದ್ದರೂ ಫೋನಿನಲ್ಲಿ ನೋಡುವಂತೆ ಮಾಡಿಕೊಂಡರು. ಆಮೇಲೆ ನರ್ಸುಗಳ ಕಟ್ಟೆಯಲ್ಲಿದ್ದ ಕುರ್ಚಿಗಳನ್ನೆಲ್ಲ ಎತ್ತಿಸಿದರು. ಕೂತ ನರ್ಸು ಎಂದರೆ ಮಲಗಿದ ನರ್ಸು ಎಂಬುದು ಅವರ ಸಂಶೋಧನೆ. ಎಷ್ಟು ವರ್ಷ ಓದಿದರೆ ಇಂಥದ್ದು ಹೊಳೆಯುತ್ತದೋ ಕಾಣೆ. ಹುಡುಗಿಯರ ಫೋನಿಗೆ ಒಂದು ವಾಟ್ಸಾಪ್ ಗುಂಪು ಮಾಡಿಕೊಟ್ಟರು. ಅದಕ್ಕವರು ಇಟ್ಟ ಹೆಸರು 'ನಾವೆಲ್ಲ ಒಂದೇ ಮನೆಯವರು'. ಆ ಮನೆಯಲ್ಲಿ ಮಾತಾಡಲು ಆಗುವುದು ಅವರೊಬ್ಬರಿಗೇ, ಉಳಿದವರಿಗೆ ಕೇಳಿಸಿಕೊಳ್ಳುವುದಷ್ಟೇ, ಹಾಗೆ ಬೀಗ ಹಾಕಿಟ್ಟಿದ್ದಾರೆ. ಇಂಥ ಮನೆಗಳು ನಮ್ಮೂರಲ್ಲೂ ಕೆಲವಿವೆ, ಮಾನ್ಯರೇ. ಅಲ್ಲಿನ ಸೊಸೆಯಂದಿರ ಮುಖ ನೋಡಿದರೆ ಗೊತ್ತಾಗುತ್ತದೆ.

ಚೇಳಿನ ಮಳೆಯ ದಿನಗಳಲ್ಲಿ ಆ ಗುಂಪಿನಲ್ಲಿ ಅವರ ಧ್ವನಿ ನಿಲ್ಲಲೇ ಇಲ್ಲ. ರಸ್ತೆ ಕೊಚ್ಚಿಹೋಗಿತ್ತು, ಹುಡುಗಿಯರಿಗೆ ಮನೆಗೆ ಹೋಗಲು ದಾರಿಯಿರಲಿಲ್ಲ, ಅವರವರ ಮನೆಯಲ್ಲೂ ನೀರು ನುಗ್ಗಿತ್ತು. ಅವರು ಉಟ್ಟ ಬಟ್ಟೆಯಲ್ಲೇ ಮಲಗಿ ಎದ್ದು ಕೆಲಸ ಮಾಡುತ್ತಿದ್ದರು. ನಿರ್ದೇಶಕರು ನೀರು ಮುಟ್ಟದ ತಮ್ಮ ಕೋಣೆಯಿಂದ ಸಮನ್ವಯ ಮಾಡುತ್ತಿದ್ದರು. ಸಮನ್ವಯ ಎಂದರೆ ಏನು ಎಂದು ಆಗ ಕಲಿತೆ. ಯಾರೂ ಜಾಗ ಬಿಟ್ಟು ಕದಲಬಾರದು ಎನ್ನುವುದು. ತಪ್ಪು ಮಾಡಿದವರನ್ನು ವಿಚಾರಣೆಗೆ ಒಪ್ಪಿಸುತ್ತೇನೆ ಎನ್ನುವುದು. ಪ್ರತಿ ವಾರ್ಡಿನಿಂದ ಆಗಾಗ ಫೋಟೋ ಕಳಿಸಬೇಕು, ನಗುಮುಖ ಇರಬೇಕು, ಮೇಲಿನವರಿಗೆ ತೋರಿಸಬೇಕು ಎನ್ನುವುದು. ಮೇಲಿನವರು ಎಂದರೆ ನೀವೇ ಇರಬೇಕು. ಆ ಫೋಟೋಗಳನ್ನು ನೋಡಿದಿರಾ? ನಕ್ಕ ಹಲ್ಲು ಕಂಡಿತಾ? ಹಲ್ಲಿನ ಮೇಲಿದ್ದ ಕಣ್ಣು ಕಂಡಿತಾ?

ಈಗ ನಾನೊಂದು ಸಂಗತಿ ಹೇಳುತ್ತೇನೆ. ಅದರಲ್ಲಿ ಒಬ್ಬ ಹುಡುಗಿ ಬರುತ್ತಾಳೆ. ಅವಳ ಹೆಸರು ಹೇಳುವುದಿಲ್ಲ, ನನಗೆ ನಿಮ್ಮ ಮೇಲೆ ನಂಬಿಕೆಯಿಲ್ಲ. ನನ್ನ ಮೊಮ್ಮಗಳೋ ಬೇರೆಯವರ ಮೊಮ್ಮಗಳೋ ಎಂದು ಹುಡುಕಲು ಹೋಗಬೇಡಿ. ಆ ದಿನ ಆ ವರಾಂಡದಲ್ಲಿದ್ದವರಲ್ಲಿ ಯಾರೇ ಆಗಿರಬಹುದಿತ್ತು.

ಅದಕ್ಕೂ ಮುಂಚೆ ಕುರ್ಚಿಗಳು ಬಂದದ್ದನ್ನು ಹೇಳಬೇಕು. ಎರಡನೇ ದಿನ ಬೆಳಗ್ಗೆ ಒಬ್ಬಳು ಔಷಧಿ ತಟ್ಟೆ ಹಿಡಿದುಕೊಂಡೇ ಗೋಡೆಗೊರಗಿ ಜಾರಿ ಕೂತಳು. ಕ್ಷಣದಲ್ಲೇ ಎಲ್ಲರ ಫೋನೂ ಟಿಣ್ ಎಂದಿತು. ನಿರ್ದೇಶಕರ ಧ್ವನಿ: "ಬಾಗಿಲ ಹತ್ತಿರ ಕೂತಿರೋರು ಯಾರು?" ಆ ಹುಡುಗಿ ಎದ್ದು ನಿಂತಳು. ಹಕೀಮಾ ಇನ್ಶಿರಾಹ್ ಅಲ್ಲೇ ಇದ್ದರು. ಅವರು ದೊಡ್ಡ ದನಿ ಮಾಡುವವರಲ್ಲ. ಒದ್ದೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, "ಹಜ್ಜಾ ಫಹೀಮಾ, ಖಲಫ್ ನಿಮಗೆ ಏನಾಗಬೇಕು?" ಎಂದು ಕೇಳಿದರು.

"ನನ್ನ ತಂಗಿ ಮಗ," ಅಂದೆ.

"ಅವನ ಕುರ್ಚಿ ಬೇಕಿತ್ತು."

ಖಲಫನದು ಶಾಮಿಯಾನದ ಅಂಗಡಿ. ನಮ್ಮೂರಲ್ಲಿ ಯಾರು ಸತ್ತರೂ ಬೀದಿಗೆ ಅಡ್ಡಲಾಗಿ ಅವನೇ ಡೇರೆ ಹಾಕುವುದು, ಒಳಗೆ ಅವನದೇ ಕೆಂಪು ಮಖಮಲ್ಲಿನ, ಬಂಗಾರದ ಬಣ್ಣ ಬಳಿದ ಕುರ್ಚಿಗಳು. ಮದುವೆಗೂ ಅವೇ. ಆದರೆ ಸತ್ತವರೇ ಹೆಚ್ಚಾದ್ದರಿಂದ ಅವನ್ನು ನೋಡಿದರೆ ನಮಗೆ ನೆನಪಾಗುವುದು ಸಾವು. ಸತ್ತ ಮನೆಯ ಗಂಡಸರು ಆ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಾರೆ, ಬಂದವರು ಒಂದು ತುದಿಯಿಂದ ಎಲ್ಲರ ಕೈಹಿಡಿದು ಸಮಾಧಾನ ಹೇಳಿಕೊಂಡು ಹೋಗುತ್ತಾರೆ. ನಿಮಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ನಿಮ್ಮಲ್ಲೂ ಜನ ಸಾಯುತ್ತಾರಲ್ಲ.

ಖಲಫ್ ಮೊಣಕಾಲುದ್ದ ನೀರಿನಲ್ಲಿ ಗಾಡಿ ತಳ್ಳಿಕೊಂಡು ಬಂದ. ಒಳಗೆ ಇಳಿಸುತ್ತಾ, "ದೊಡ್ಡಮ್ಮಾ, ಇವನ್ನ ಆಸ್ಪತ್ರೆಗೆ ತಂದರೆ ರೋಗಿಗಳು ಹೆದರ್ತಾರೆ, ಮುಂಗಡ ಕಾದಿರಿಸಿದ ಹಾಗಿರುತ್ತೆ," ಎಂದ. ಬಾಯಿ ಮುಚ್ಚಿಕೊಂಡು ಇಳಿಸು ಎಂದೆ. ಹಕೀಮಾ ಕುರ್ಚಿಗಳನ್ನು ವರಾಂಡದುದ್ದಕ್ಕೂ, ಚಾಪೆಗಳ ನಡುವೆ ನಡುವೆ ಹಾಕಿಸಿದರು. ಹುಡುಗಿಯರಿಗೆ ಸರದಿ ಹಾಕಿದರು. ಒಬ್ಬಳು ಒಂದು ಲೋಟ ಚಹಾ ಕುಡಿದು ಮುಗಿಸುವವರೆಗೆ ಕೂರುವುದು, ಅವಳ ಕೆಲಸ ಪಕ್ಕದವಳು ನೋಡುವುದು. ಯಾರೂ ಮೊದಲು ಕೂರಲೊಲ್ಲರು. ಎಲ್ಲರ ಕಣ್ಣೂ ಕ್ಯಾಮೆರಾದ ಮೇಲೆ. ಆಗ ಹಕೀಮಾ ತಾವೇ ಕ್ಯಾಮೆರಾಕ್ಕೆ ನೇರವಾಗಿ ಒಂದು ಕುರ್ಚಿ ಎಳೆದು, ಮುಖ ಮೇಲೆತ್ತಿ ಕೂತರು. ಫೋನುಗಳು ಟಿಣ್ ಟಿಣ್ ಎಂದವು. ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟು, "ಬಯ್ಯೋದೆಲ್ಲ ನನಗೆ ಬೈದಾಯ್ತು. ಇನ್ನು ನೀವು ಕೂತ್ಕೊಳ್ಳಿ," ಎಂದರು.

ಈಗ ಆ ಹುಡುಗಿಯ ಸಂಗತಿ. ನನ್ನ ಪಕ್ಕದ ಚಾಪೆಯಲ್ಲಿ ಅಣ್ಣತಮ್ಮ ಇಬ್ಬರು ಮಕ್ಕಳು, ಇಬ್ಬರಿಗೂ ಚೇಳು ಕಚ್ಚಿತ್ತು. ತಾಯಿ ಸುಸ್ತಾಗಿ ಅವರ ಕಾಲ ಬಳಿ ನಿದ್ದೆ ಹೋಗಿದ್ದಳು. ನನಗೂ ಮಂಪರು. ಹುಡುಗಿ ಒಬ್ಬನಿಗೆ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟಳು. ಎರಡನೆಯವನಿಗೆ ಸೂಜಿ ತುಂಬುವಷ್ಟರಲ್ಲಿ ಫೋನು ಕೂಗಿತು: ಈ ವಾರ್ಡಿನ ಫೋಟೋ ಯಾಕೆ ಬಂದಿಲ್ಲ? ಅವಳು ಹೋಗಿ, ನಕ್ಕು, ಫೋಟೋ ತೆಗೆಸಿಕೊಂಡು ಬಂದಳು. ಅಷ್ಟರಲ್ಲಿ ಮಕ್ಕಳು ಹೊರಳಾಡಿ ಜಾಗ ಬದಲಾಗಿತ್ತು. ನಾನು ಕಣ್ಣು ಬಿಟ್ಟಾಗ ಅವಳು ಸೂಜಿ ಹಿಡಿದು ನಿಂತಿದ್ದಳು. ಮುಂದೆ ಬಗ್ಗುತ್ತಿಲ್ಲ, ಹಿಂದೆ ಹೋಗುತ್ತಿಲ್ಲ. ಯಾರಿಗೆ ಕೊಟ್ಟಾಗಿದೆ, ಯಾರಿಗೆ ಇಲ್ಲ ಎನ್ನುವುದು ಅವಳ ತಲೆಯಿಂದ ಅಳಿಸಿಹೋಗಿತ್ತು. ತಪ್ಪು ಮಾಡಿದವರನ್ನು ವಿಚಾರಣೆಗೆ ಒಪ್ಪಿಸುತ್ತೇನೆ ಎಂಬ ಧ್ವನಿ ಮಾತ್ರ ಅಳಿಸಿರಲಿಲ್ಲ.

ಹಕೀಮಾ ದೂರದಿಂದ ನೋಡಿದರು. ಬಂದು, "ಏನಾಯ್ತು?" ಎಂದರು.

"ಏನಿಲ್ಲ."

ಇನ್ನೊಮ್ಮೆ ಕೇಳಲಿಲ್ಲ. ಕುರ್ಚಿ ಎಳೆದರು, ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು, ಕೈಯಿಂದ ಸೂಜಿ ಮೆಲ್ಲಗೆ ತೆಗೆದುಕೊಂಡರು. ತಾವು ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಆಗ ಹುಡುಗಿ ಪಿಸುಗುಟ್ಟಿದಳು: "ಯಾವನಿಗೆ ಕೊಟ್ಟೆ ಅಂತ ಗೊತ್ತಾಗ್ತಿಲ್ಲ."

"ಸರಿ," ಎಂದರು ಹಕೀಮಾ. "ಮೊದಲು ನಿನಗೊಬ್ಬಳಿಗೇ ಗೊತ್ತಿರಲಿಲ್ಲ. ಈಗ ನನಗೂ ಗೊತ್ತಿಲ್ಲ. ಬಾ, ಇಬ್ಬರೂ ಸೇರಿ ನೋಡೋಣ."

ಇಬ್ಬರೂ ಸೇರಿ ಮಕ್ಕಳ ತೋಳು ನೋಡಿದರು. ದೊಡ್ಡವನ ತೋಳಿನಲ್ಲಿ ಸೂಜಿಯ ಹಸಿ ಗುರುತಿತ್ತು. ಚಿಕ್ಕವನಿಗೆ ಕೊಟ್ಟರು. ಅಷ್ಟೇ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ, ಕಣ್ಣಿದ್ದವರು ಯಾರೂ ನೋಡಬಹುದಿತ್ತು. ಆದರೆ ನೋಡಬೇಕಾದರೆ ಮೊದಲು ಹೇಳಬೇಕು. ಹೇಳಬೇಕಾದರೆ ಹೇಳಿಸಿಕೊಳ್ಳುವವರು ಬೇಕು. ಮಾನ್ಯರೇ, ಹೆದರಿಕೆಯಿಂದ ನಾಲಗೆ ಕಟ್ಟಿಹೋದ ನರ್ಸಿನ ಕೈಗೆ ನಿಮ್ಮ ಮಗುವನ್ನು ಕೊಡುತ್ತೀರಾ? ನಿಮ್ಮ ಮಕ್ಕಳು ಚಿಕಿತ್ಸೆಗೆ ಎಲ್ಲಿಗೆ ಹೋಗುತ್ತಾರೆ? ಇಲ್ಲಿಗಂತೂ ಬಂದದ್ದು ನಾನು ನೋಡಿಲ್ಲ.

ನಾಯಕತ್ವ ಎಂದರೆ ಏನು ಎಂದು ನಿರ್ದೇಶಕರು ಕೈರೋಗೆ ಹೋಗಿ ತರಬೇತಿ ಪಡೆದು ಬಂದಿದ್ದಾರೆ, ಅದರ ಪ್ರಮಾಣಪತ್ರ ಅವರ ಗೋಡೆಯ ಮೇಲಿದೆ. ನನಗೆ ಗೊತ್ತಿರುವುದು ರೊಟ್ಟಿಯೊಂದೇ. ರೊಟ್ಟಿಯ ದಿನ ಹತ್ತಾರು ಹೆಂಗಸರು ಸೇರಿದಾಗ ಹೇಳುವವಳು ಒಬ್ಬಳಿರಬೇಕು, ಇಲ್ಲದಿದ್ದರೆ ಅರ್ಧ ಹಸಿ, ಅರ್ಧ ಕರಕಲು. ಆದರೆ ನಮ್ಮಲ್ಲಿ ಹೇಳುವವಳು ಕೂರುವುದು ಒಲೆಯ ಬಾಯಿಗೆ. ಮುಖ ಸುಡುವ ಜಾಗ ಅವಳದು. ತಂಪಾದ ಜಾಗದಲ್ಲಿ ಹಿಟ್ಟು ನಾದುವವಳು 'ಕೈ ನೋಯ್ತಿದೆ' ಎಂದರೆ ಒಲೆಯ ಬಾಯಲ್ಲಿ ಕೂತವಳು ನಂಬುತ್ತಾಳೆ, ಅವಳಿಗೂ ನೋಯುತ್ತಿರುತ್ತದೆ. ಅದಕ್ಕೇ ಅವಳು ಬೈದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಬೇಕಾದಷ್ಟು ಬೈದಿದ್ದೇನೆ. ಮರುವಾರವೂ ಎಲ್ಲರೂ ಬಂದಿದ್ದಾರೆ. ಒಲೆಯಿಂದ ದೂರ, ಮಾಳಿಗೆಯ ಮೇಲೆ ಮಲಗಿ, ಇನ್ನೂ ಬೇಗ, ಇನ್ನೂ ಬೇಗ, ನಗ್ತಾ ಮಾಡಿ ಎಂದು ಕೂಗುವ ಹೆಂಗಸನ್ನು ನಮ್ಮ ಓಣಿಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲವಂತೆ.

ಇನ್ನು ಮೂರನೇ ದಿನ. ನಿಮ್ಮ ಕೋಪಕ್ಕೆ ಕಾರಣವಾದ ದಿನ.

ನೀರು ಇಳಿಯಿತು, ರಸ್ತೆ ತೆರೆಯಿತು, ರಸ್ತೆಯ ಜೊತೆಗೇ ಟೀವಿಯವರು ಬಂದರು. ನಿರ್ದೇಶಕರು ಕೋಣೆಯಿಂದ ಹೊರಗೆ ಬಂದರು, ಇಸ್ತ್ರಿ ಮಾಡಿದ ಬಿಳಿ ಕೋಟು. ಅವರ ಜೊತೆ ಉಪನಿರ್ದೇಶಕರು, ಇನ್ನು ನಿಮ್ಮ ಕಚೇರಿಯಿಂದ ಬಂದ ಒಂದಿಬ್ಬರು. ವರಾಂಡದಲ್ಲಿ ಕೆಂಪು ಕುರ್ಚಿಗಳನ್ನು ಕಂಡು ನಿರ್ದೇಶಕರ ಮುಖ ಅರಳಿತು. ಹಿಂದಿನ ದಿನವೆಲ್ಲ ಕ್ಯಾಮೆರಾದಲ್ಲಿ ನೋಡಿ ಬೈದ ಕುರ್ಚಿಗಳೇ ಅವು, ಆದರೆ ಈಗ ಅವರ ತಲೆಗೆ ಹೊಳೆದದ್ದು ಬೇರೆ. ತಮಗೂ ಅತಿಥಿಗಳಿಗೂ ಗೌರವಕ್ಕೆಂದು ಉಳಿಸಿದ್ದಾರೆ ಎಂದುಕೊಂಡರು. "ಬಾಗಿಲ ಹತ್ತಿರ ಸಾಲಾಗಿ ಹಾಕಿ, ಬೆಳಕು ಚೆನ್ನಾಗಿದೆ," ಎಂದರು. ಕೂತಿದ್ದ ಇಬ್ಬರು ಹುಡುಗಿಯರನ್ನು ಎಬ್ಬಿಸಿ ಕುರ್ಚಿ ತೆಗೆದುಕೊಂಡರು. ಎಲ್ಲರೂ ಬಾಗಿಲ ಪಕ್ಕದಲ್ಲಿ ಸಾಲಾಗಿ ಕೂತರು. ಟೀವಿಯವರು ಸ್ವಲ್ಪ ಗಂಭೀರವಾಗಿ ಕೂರಿ ಎಂದರು. ಗಂಭೀರವಾಗಿ ಕೂತರು. ಕ್ಯಾಮೆರಾ ನೇರಪ್ರಸಾರ ಶುರು ಮಾಡಿತು.

ಅದೇ ಹೊತ್ತಿಗೆ ಬೆಟ್ಟದ ಬುಡದ ಕೇರಿಯಿಂದ ಹಾಜಿ ಅಬ್ದುಲ್ ರಾದಿ, ಚೇಳು ಕಚ್ಚಿದ ಸೊಸೆಯನ್ನು ನೋಡಲು ಬಂದರು. ವಯಸ್ಸಾದವರು, ಮರ್ಯಾದಸ್ಥರು. ಬಾಗಿಲಲ್ಲಿ ನಿಂತು ನೋಡುತ್ತಾರೆ: ಖಲಫನ ಕುರ್ಚಿಗಳು, ಅವುಗಳಲ್ಲಿ ಮುಖ ಇಳಿಬಿಟ್ಟ ಗಂಡಸರ ಸಾಲು. ಮನುಷ್ಯ ಏನು ಮಾಡಬೇಕು? ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸಾಲಿನ ತುದಿಯಿಂದ ಶುರುಮಾಡಿ ಒಬ್ಬೊಬ್ಬರ ಕೈ ಹಿಡಿದು, "ಉಳಿದ ಆಯಸ್ಸು ನಿಮಗಿರಲಿ," ಎಂದು ಸತ್ತ ಮನೆಯವರಿಗೆ ಹೇಳುವ ಸಮಾಧಾನ ಹೇಳುತ್ತಾ ಬಂದರು. ಅವರ ಹಿಂದೆ ಬಂದವರೂ ಸಾಲು ಕಟ್ಟಿದರು. ನಿರ್ದೇಶಕರು ಮೊದಲೆರಡು ಕೈಗಳನ್ನು ಅಭಿನಂದನೆ ಎಂದುಕೊಂಡು ಎದೆ ಮುಟ್ಟಿಕೊಂಡು ಸ್ವೀಕರಿಸಿದರು. ಆಮೇಲೆ ಮಾತು ಕಿವಿಗೆ ಬಿತ್ತು. "ಏನಿದು, ಯಾರು ಸತ್ತದ್ದು?" ಎಂದು ಕೇಳಿದರು.

ಹಾಜಿ ಅಬ್ದುಲ್ ರಾದಿ ಅವರ ಕೈ ಬಿಡದೆ ಹೇಳಿದರು: "ಅದನ್ನ ನೀನೇ ಹೇಳಬೇಕು ಮಗಾ. ಕೂತಿರೋನು ನೀನು."

ಹೊರಗೆ ಯಾರೋ ಹೆಂಗಸು ಇದನ್ನು ಕೇಳಿ ತನ್ನ ಗಂಡನೇ ಹೋದನೆಂದು ಎದೆ ಬಡಿದುಕೊಂಡಳು. ಟೀವಿಯಲ್ಲಿ ಅದೂ ಬಂತು. ಊರಿಗೆ ಊರೇ ಆಸ್ಪತ್ರೆಯಲ್ಲಿ ಹೆಣ ಬಿದ್ದಿವೆ ಎಂದು ಓಡಿಬಂತು, ನೈಲಿನ ಆಚೆ ದಡದವರು ದೋಣಿ ಹತ್ತಿದರು. ಹಕೀಮಾ ಮೆಟ್ಟಿಲ ಮೇಲೆ ನಿಂತು ಗಂಟಲು ಹರಿಯುವವರೆಗೆ ಒಬ್ಬೊಬ್ಬರಿಗೂ ನಿಮ್ಮವರು ಬದುಕಿದ್ದಾರೆ, ಒಳಗೆ ಹೋಗಿ ನೋಡಿ ಎಂದು ಹೇಳಿ ಕಳಿಸಿದರು. ಮಾತು ನಿಜವಾಗಿತ್ತು. ಆ ಮಳೆಯಲ್ಲಿ ನಮ್ಮ ಆಸ್ಪತ್ರೆಗೆ ಬಂದವರಲ್ಲಿ ಒಬ್ಬರೂ ಸಾಯಲಿಲ್ಲ. ನಿಮ್ಮ ಪತ್ರಿಕಾ ಹೇಳಿಕೆಯಲ್ಲಿ ಇದನ್ನು ನಿರ್ದೇಶಕರ ದೂರದೃಷ್ಟಿ ಎಂದು ಬರೆದಿದ್ದೀರಿ. ದೂರದೃಷ್ಟಿ ಎನ್ನುವುದು ಸರಿಯೇ, ಅವರು ಎಲ್ಲವನ್ನೂ ದೂರದಿಂದಲೇ ನೋಡಿದ್ದು.

ಇದಾದ ವಾರದೊಳಗೆ ಹಕೀಮಾ ಗೋದಾಮು ಸೇರಿದರು. ವದಂತಿ ಹಬ್ಬಿಸಿ ಸಂಸ್ಥೆಯ ಗೌರವಕ್ಕೆ ಧಕ್ಕೆ ತಂದರು ಎಂಬುದು ಆರೋಪ. ಕುರ್ಚಿ ತರಿಸಿದ್ದು ತಾವೇ ಎಂದು ಅವರು ಸಮಿತಿಯ ಮುಂದೆ ಒಪ್ಪಿಕೊಂಡರಂತೆ, ಯಾವ ಹುಡುಗಿಯ ಮೇಲೂ ಬೀಳದಿರಲಿ ಎಂದು. ಸಾಲಾಗಿ ಹಾಕಿಸಿ ಕೂತವರು ಯಾರು ಎಂದು ಸಮಿತಿ ಕೇಳಲಿಲ್ಲವಂತೆ. ಯಾಕೆ ಕೇಳಲಿಲ್ಲ? ನಾನೊಂದು ವಿಷಯ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನಾನು ಮನೆಗೆ ಹೋದ ಮೇಲೂ ಟೀವಿಯಲ್ಲಿ ಅದನ್ನೇ ಮತ್ತೆ ಮತ್ತೆ ತೋರಿಸಿದರು. ನಮ್ಮ ಮನೆಯ ಟೀವಿ ಹಳೆಯದು, ಚಿತ್ರ ಸ್ವಲ್ಪ ಅಲುಗುತ್ತದೆ. ಆದರೂ ಸಾಲಿನಲ್ಲಿ ಬಲಗಡೆಯಿಂದ ಎರಡನೆಯವರು, ಬೂದು ಬಣ್ಣದ ಸೂಟು, ಹಾಜಿಯವರ ಕೈಹಿಡಿದು "ದೇವರು ನಿಮಗೆ ಒಳ್ಳೇದು ಮಾಡಲಿ" ಎಂದರಲ್ಲ, ಅವರು ನೀವಲ್ಲ ತಾನೇ? ಅಲ್ಲದಿದ್ದರೆ ಒಳ್ಳೆಯದು. ಹೌದಾದರೆ, ನಮ್ಮ ಹಕೀಮಾ ಯಾಕೆ ಫ್ರಿಡ್ಜು ಕಾಯುತ್ತಿದ್ದಾರೆ ಎಂಬುದು ನನಗೆ ಪೂರ್ತಿ ಅರ್ಥವಾಯಿತು.

ಅಲ್ಲಿಂದೀಚೆಗೆ ಎಲ್ಲ ಸಕ್ಕರೆಯಾಗಿಬಿಟ್ಟಿದೆ. ನನಗೆ ಭಯವಾಗುವುದು ಅದಕ್ಕೇ. ಆಸ್ಪತ್ರೆಯ ಗೇಟಿಗೆ 'ಕರುಣೆಯ ದೇವತೆಗಳಿಗೆ ನಮನ' ಎಂದು ಬಟ್ಟೆ ಕಟ್ಟಿದ್ದಾರೆ. ದೇವತೆಗಳಿಗೆ ಕಾಲು ನೋಯುವುದಿಲ್ಲ, ಹೊಟ್ಟೆ ಹಸಿಯುವುದಿಲ್ಲ, ಬಾಯಿಯೂ ಇರುವುದಿಲ್ಲ ನೋಡಿ, ಅದಕ್ಕೇ ಆ ಹೆಸರು ಆರಿಸಿದ್ದಾರೆ ಎಂದು ನನ್ನ ಅನುಮಾನ. ಹೊಸ ಕುರ್ಚಿಗಳೂ ಬಂದಿವೆ. ಪ್ಲಾಸ್ಟಿಕ್ಕು ಸುತ್ತಿಕೊಂಡೇ ಉಗ್ರಾಣದಲ್ಲಿವೆ, ಉದ್ಘಾಟನೆ ಆಗಬೇಕಂತೆ. ನನ್ನ ರಾವಿಯಾಳಿಗೆ ಆದರ್ಶ ನರ್ಸ್ ಎಂದು ಚೌಕಟ್ಟು ಹಾಕಿದ ಪತ್ರ ಕೊಟ್ಟರು. ಅಷ್ಟೊಂದು ಹುಡುಗಿಯರಲ್ಲಿ ಅವಳಿಗೇ ಯಾಕೆ? ಅವಳ ಅಜ್ಜಿಗೆ ಬಾಯಿ ಜೋರು ಎಂದು ಯಾರು ಹೇಳಿದರು? ಅವಳು ಅದನ್ನು ಮನೆಗೆ ತಂದು ಮುಖ ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದಾಳೆ.

ಆಮೇಲೆ ನಿಮ್ಮ ಕಚೇರಿಯವರೊಬ್ಬರು ಬಸ್ಬೂಸಾದ ದೊಡ್ಡ ಪೆಟ್ಟಿಗೆ ಹಿಡಿದು ನಮ್ಮ ಮನೆಗೇ ಬಂದರು. ಇಷ್ಟು ವರ್ಷ ಬದುಕಿದ್ದೇನೆ, ಸರಕಾರ ಸಿಹಿ ತಂದುಕೊಟ್ಟದ್ದು ಇದೇ ಮೊದಲು. ಕೂರಿಸಿದೆ, ಚಹಾ ಕೊಟ್ಟೆ. ಆತ ನನ್ನ ಬೆರಳು ಹೇಗಿದೆ ಎಂದು ಕೇಳಿದ, ಮೊಮ್ಮಗಳ ಭವಿಷ್ಯ ಉಜ್ವಲವಾಗಿದೆ ಎಂದ, ಕೊನೆಗೆ ಮೆಲ್ಲಗೆ ಹೇಳಿದ: "ಹಜ್ಜಾ, ನೀವು ನಮ್ಮೆಲ್ಲರ ತಾಯಿ ಇದ್ದ ಹಾಗೆ. ಈ ಪತ್ರ ಗಿತ್ರ ಎಲ್ಲ ಯಾಕೆ?"

"ನಿನ್ನ ತಾಯಿ ಆಗಿದ್ರೆ ನಿನ್ನನ್ನ ಹೀಗೆ ಬೆಳೆಸ್ತಿರಲಿಲ್ಲ," ಅಂದೆ. "ಚಹಾ ಕುಡಿ, ಆರುತ್ತೆ."

ಆತನಿಗೆ ಪತ್ರದ ವಿಷಯ ಗೊತ್ತಿತ್ತು ಎಂದ ಮೇಲೆ ಪತ್ರ ನಿಮಗೆ ಮುಟ್ಟಿದೆ. ಮುಟ್ಟಿದೆ ಎಂದ ಮೇಲೆ, ಉತ್ತರದ ಬದಲು ಪೆಟ್ಟಿಗೆ ಬಂದಿದೆ. ಪೆಟ್ಟಿಗೆಯನ್ನು ಮೈಕ್ರೋಬಸ್ಸಿನಲ್ಲಿ ನಿಮ್ಮ ಕಚೇರಿಗೇ ವಾಪಸ್ಸು ಕಳಿಸಿದ್ದೇನೆ. ತುಂಡು ಕಡಿಮೆಯಿದ್ದರೆ ಡ್ರೈವರನ್ನು ಕೇಳಿ. ಅವನಿಗೆ ವಿಚಾರಣಾ ಸಮಿತಿಯೇನೂ ಬೇಡ, ಕೇಳಿದರೆ ಒಪ್ಪಿಕೊಳ್ಳುತ್ತಾನೆ.

ರಾವಿಯಾಳ ಬಗ್ಗೆ ಹೇಳಿ ಮುಗಿಸುತ್ತೇನೆ. ಅವಳು ನರ್ಸ್ ಆಗಬೇಕೆಂದು ಹಠ ಹಿಡಿದಾಗ ಬೇಡವೆಂದವಳು ನಾನೇ. ಅವಳು ಕೇಳಲಿಲ್ಲ. ಮೊದಲೆಲ್ಲ ಕೆಲಸದಿಂದ ಬಂದರೆ ಬಾಗಿಲಲ್ಲೇ ಕಥೆ ಶುರು. ಇವತ್ತು ಹಕೀಮಾ ಹೀಗಂದರು, ಆ ಮುದುಕ ಔಷಧಿ ಉಗುಳಿದ, ಈ ಬಾಣಂತಿ ನನ್ನ ಹೆಸರನ್ನೇ ಮಗುವಿಗಿಟ್ಟಳು. ಈಗ ಬಂದವಳು ಚಪ್ಪಲಿ ಬಿಚ್ಚಿ ಹೊಸ್ತಿಲ ಮೇಲೇ ಕೂರುತ್ತಾಳೆ. ಮುಲೂಖಿಯಾ ಸೊಪ್ಪಿನ ಸಾರು ಬಡಿಸಿದರೆ ರೊಟ್ಟಿ ಮುರಿದು ಕೈಯಲ್ಲೇ ಹಿಡಿದಿರುತ್ತಾಳೆ. ಒಂದು ದಿನ ನಾನೇ ಕೇಳಿದೆ, ಚೇಳಿನ ಮಳೆ ಮುಗಿದು ಇಷ್ಟು ದಿನ ಆಯಿತಲ್ಲ ಕೂಸೇ, ಇನ್ನೂ ಆ ದಣಿವು ಹೋಗಿಲ್ಲವೇ ಎಂದು.

"ನಾನು ದಣಿದಿದ್ದು ಚೇಳಿನಿಂದ ಅಲ್ಲ ಅಜ್ಜಿ," ಎಂದಳು. "ಆ ಮೂರು ದಿನ ಹಕೀಮಾ ಇದ್ದರು, ಇನ್ನೂ ಮೂರು ದಿನ ಬೇಕಾದ್ರೂ ಮಾಡ್ತಿದ್ದೆ. ಈಗ ವಾರ್ಡಲ್ಲಿ ನಾಲ್ಕು ಜನ ರೋಗಿಗಳಿದ್ದರೂ ಫೋನು ಟಿಣ್ ಅಂದ್ರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕ್ಯಾಮೆರಾ ಕಡೆ ನೋಡ್ತೀನಿ."

ಸಮುದ್ರದ ಕಡೆಯ ಊರಿನಲ್ಲಿ, ವಿದೇಶದವರು ಬರುವ ಕಡೆ, ಮುಖದ ಸುಕ್ಕು ತೆಗೆಯುವ ಒಂದು ಕ್ಲಿನಿಕ್ಕಿದೆಯಂತೆ. ಅಲ್ಲಿಂದ ಕರೆ ಬಂದಿದೆ. ಮುಂದಿನ ತಿಂಗಳ ಮೊದಲನೇ ದಿನ ಸೇರಬೇಕು. ಅಲ್ಲಿ ನರ್ಸುಗಳಿಗೆ ಕುರ್ಚಿ ಇದೆಯಂತೆ. ಬಟ್ಟೆಯ ಚೀಲ ಮಂಚದ ಕೆಳಗೆ ಸಿದ್ಧವಾಗಿದೆ, ನನಗೆ ಕಾಣಲಿಲ್ಲ ಎಂದುಕೊಂಡಿದ್ದಾಳೆ. ಆಚೆ ಓಣಿಯ ಇಬ್ಬರು ಹುಡುಗಿಯರು ಇವಳು ಏನು ಮಾಡುತ್ತಾಳೆಂದು ಕಾಯುತ್ತಿದ್ದಾರೆ. ಹಕೀಮಾ ವಾಪಸ್ಸು ಬಂದರೆ ಹೋಗುವುದಿಲ್ಲ ತಾನೇ ಎಂದು ಕೇಳಿದೆ. ಅವಳು ನಕ್ಕಳು. ಆ ಫೋಟೋದ ನಗು ಅಲ್ಲ. "ಬರಲ್ಲ ಅಜ್ಜಿ," ಎಂದಳು. ಬಂದರೆ ಎಂದು ಇನ್ನೊಮ್ಮೆ ಕೇಳಿದೆ. "ಬಂದ್ರೆ ಚೀಲ ಬಿಚ್ತೀನಿ," ಎಂದಳು. ಹೀಗೆ ನನ್ನ ಮೊಮ್ಮಗಳ ಬದುಕು ನಿಮ್ಮ ಒಂದು ಸಹಿಗೆ ಜೋತುಬಿದ್ದಿದೆ. ಇಂಥ ಕಡೆ ಜೋತುಬಿದ್ದಿದೆಯಲ್ಲ ಎಂದು ನನಗೆ ನಿದ್ದೆ ಬರುವುದಿಲ್ಲ.

ನನಗೆ ಬೇಕಾದ್ದು ಇಷ್ಟು. ಹಕೀಮಾ ಇನ್ಶಿರಾಹ್ ನಮ್ಮ ವಾರ್ಡಿಗೆ ಬರಬೇಕು, ಫ್ರಿಡ್ಜನ್ನು ಬೇಕಾದರೆ ನಿರ್ದೇಶಕರು ಕಾಯಲಿ, ಅದರ ಮೇಲೂ ಕ್ಯಾಮೆರಾ ಹಾಕಿಕೊಳ್ಳಲಿ. ಕುರ್ಚಿಗಳ ಪ್ಲಾಸ್ಟಿಕ್ಕು ಹರಿಯಬೇಕು, ಕತ್ತರಿ ನಾನೇ ತರುತ್ತೇನೆ. ಇನ್ನು ನೀವು ಒಂದು ದಿನ ಟೀವಿಯವರನ್ನು ಬಿಟ್ಟು ಬನ್ನಿ. ಬೆಳಗ್ಗೆಯಿಂದ ಸಂಜೆಯವರೆಗೆ ನಮ್ಮ ಹುಡುಗಿಯರ ಜೊತೆ ನಿಂತಿರಿ, ಏನೂ ಮಾಡುವುದು ಬೇಡ, ಸುಮ್ಮನೆ ನಿಂತಿರಿ. ಸಂಜೆಗೆ ಕೂರಬೇಕು ಅನ್ನಿಸಿದರೆ ನನಗೆ ಹೇಳಿ. ನಾನು ಫೋಟೋ ತೆಗೆಯುವುದಿಲ್ಲ.

ಇದೊಂದೂ ಆಗದಿದ್ದರೆ ನಾನು ಮುಷ್ಕರ ಮಾಡುವುದಿಲ್ಲ, ಘೋಷಣೆ ಕೂಗುವುದಿಲ್ಲ. ಖಲಫನಿಗೆ ಹೇಳಿ ಅವನ ಕೆಂಪು ಕುರ್ಚಿಗಳನ್ನು ನಿಮ್ಮ ಕಚೇರಿಯ ಗೇಟಿನ ಪಕ್ಕ ಸಾಲಾಗಿ ಹಾಕಿಸುತ್ತೇನೆ. ಖಾಲಿ ಕುರ್ಚಿಗಳೇ. ಮುಂದಿನದು ಜನಕ್ಕೆ ಗೊತ್ತು, ಸಾಲು ಕಟ್ಟುತ್ತಾರೆ. ಹಾಜಿ ಅಬ್ದುಲ್ ರಾದಿ ಬರುತ್ತೇನೆಂದು ಆಗಲೇ ಹೇಳಿದ್ದಾರೆ. ಯಾರು ಸತ್ತದ್ದು ಎಂದು ದಾರಿಹೋಕರು ಕೇಳಿದರೆ, ನರ್ಸುಗಳಿದ್ದ ಒಂದು ಆಸ್ಪತ್ರೆ ಎಂದು ಹೇಳುತ್ತೇನೆ. ಕೈ ಹಿಡಿಸಿಕೊಳ್ಳಲು ಸತ್ತ ಮನೆಯವರು ಬೇಕಲ್ಲ, ಅದಕ್ಕೆ ನೀವು ಹೊರಗೆ ಬರಬೇಕಾಗುತ್ತದೆ. ಬೂದು ಸೂಟನ್ನೇ ಹಾಕಿಕೊಂಡು ಬನ್ನಿ, ಗುರುತು ಸಿಗುತ್ತದೆ.

ಸಿಹಿ ಕಳಿಸಬೇಡಿ. ಆ ಮನುಷ್ಯನನ್ನೂ ಕಳಿಸಬೇಡಿ. ಕಾಗದದ ಮೇಲೆ, ನಿಮ್ಮ ಕೈಬರಹದಲ್ಲಿ, ಮೂರನೇ ತರಗತಿ ಓದಿದವಳಿಗೆ ಅರ್ಥವಾಗುವ ಮಾತಿನಲ್ಲಿ, ಮುಂದಿನ ತಿಂಗಳು ಹುಟ್ಟುವುದಕ್ಕೆ ಮುಂಚೆ ಉತ್ತರ ಬರೆಯಿರಿ.

ಇಂತಿ,
ಚೇಳು ಕಚ್ಚಿಯೂ ಉಳಿದುಕೊಂಡ, ಸರಕಾರದ ಸಿಹಿಗೆ ಇನ್ನೂ ಹೆದರುವ,
ಮಂಚದ ಕೆಳಗಿನ ಚೀಲವನ್ನು ದಿನಾ ಬಗ್ಗಿ ನೋಡುವ ಅಜ್ಜಿ,
ಹಜ್ಜಾ ಫಹೀಮಾ
ದೋಣಿಕಟ್ಟೆಯ ಹಿಂದಿನ ಓಣಿ